ಟವೆಲ್ ಹಾಕುವ ಗುಂಡಿ

ಆ್ಯಪ್ ಡಿಸೈನ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ರಾಣೆಬೆನ್ನೂರಿನ ನನ್ನ ಮನೆಗೆ ಬರುತ್ತಾರೆ. ಈ ಊರಲ್ಲಿ ಆ ಕೆಲಸ ಮಾಡಿ ನಿವೃತ್ತಳಾದ ಹೆಂಗಸು ನಾನೊಬ್ಬಳೇ ಇರಬೇಕು, ಅದಕ್ಕೆ. ಕೊಟ್ಟ ಚಹಾ ಕುಡಿದು, "ಮೇಡಂ, ಯಾವ ಬಣ್ಣ ಹಾಕಿದ್ರ ಛಲೋ ಕಾಣ್ತೈತ್ರಿ?" ಎಂದು ಕೇಳುತ್ತಾರೆ. ನನಗೆ ಹಣೆ ಚಚ್ಚಿಕೊಳ್ಳುವಂತಾಗುತ್ತದೆ. ಯಾವ ಬಣ್ಣವನ್ನಾದರೂ ಹಾಕಿರಪ್ಪ! ಬಣ್ಣದಿಂದ ಕೆಟ್ಟುಹೋದ ಆ್ಯಪ್ ಒಂದನ್ನೂ ನಾನು ನೋಡಿಲ್ಲ. ಜನರನ್ನು ಕೇಳಬಾರದ ಪ್ರಶ್ನೆ ಕೇಳಿ ಕೆಟ್ಟದ್ದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೆ ಬರೆದಿಡುತ್ತಿದ್ದೇನೆ, ಬಂದವರು ಓದಿಕೊಳ್ಳಲಿ. ಚಹಾ ಹೇಗೂ ಕೊಡುತ್ತೇನೆ.

ನಾನು ದುಡಿಯಲು ಶುರು ಮಾಡಿದ್ದು ಬ್ಯಾಡಗಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ, ಲಗ್ನಪತ್ರಿಕೆ ಹೊಂದಿಸುತ್ತ. ಅಕ್ಷರಗಳ ಪಟ್ಟಿ ಕತ್ತರಿಸುವುದು, ಗೋಂದು ಹಚ್ಚುವುದು, ಮೇಲೊಂದು ಗಣಪತಿ ಅಂಟಿಸುವುದು. ಆಮೇಲೆ ಕಂಪ್ಯೂಟರ್ ಬಂತು, ಅದರ ಮೇಲೆ ಹೊಂದಿಸಿದೆ. ಆಮೇಲೆ ವೆಬ್‌ಸೈಟ್ ಬಂತು, ಅದನ್ನೂ ಕಲಿತೆ. ಕೊನೆಗೆ ಮೊಬೈಲ್ ಬಂತು, ಅಂಗೈಯಷ್ಟು ಜಾಗದಲ್ಲಿ ಜಗತ್ತನ್ನೇ ಹೊಂದಿಸು ಎಂದರು. ಮಂದಿ ಮಾತ್ರ ಬದಲಾಗಲಿಲ್ಲ. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂದರೆ ಹೇಗೆ ಜಗಳವಾಗುತ್ತಿತ್ತೋ, ಮೊಬೈಲಿನಲ್ಲೂ ಹಾಗೇ ಆಯಿತು. ದೊಡ್ಡಪ್ಪ ಪ್ರೆಸ್ಸಿಗೆ ಬಂದು ಬಯ್ಯುತ್ತಿದ್ದ. ಈಗ ಬೈಗುಳ ಫೋನಿನಲ್ಲೇ ಬರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಕಚೇರಿ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಮೇಲಿತ್ತು. ಮಾಲೀಕ ವೀರೇಶ. ನನಗಿಂತ ಬಹಳ ಚಿಕ್ಕವನು. ಮನುಷ್ಯ ಕೆಟ್ಟವನಲ್ಲ, ಆದರೆ ಬೆಳಿಗ್ಗೆ ಕಂಡದ್ದು ಮಧ್ಯಾಹ್ನಕ್ಕೆ ಅವನಿಗೆ ಬೇಕೇ ಬೇಕು. ಒಂದು ಸಲ ಬೀಗರನ್ನೆಲ್ಲ ಕಟ್ಟಿಕೊಂಡು ಪ್ರವಾಸಕ್ಕೆ ಹೋದವನು ಅರ್ಧದಲ್ಲೇ ಜಗಳವಾಡಿಕೊಂಡು ಬಂದ. ಚಪ್ಪಲಿ ಬಿಡುವ ಮೊದಲೇ, "ಸರೋಜಕ್ಕಾರ, ಮಂದಿ ಕೂಡಿ ಪ್ರವಾಸ ಹೋಗಾಕ ಒಂದು ಆ್ಯಪ್ ಮಾಡೂಣ್ರಿ. ದಿನಾ ಯಾವ್ದು, ಯಾರ್ ಬರ್ತಾರ, ಯಾರ್ ಎಲ್ಲಿ ಕುಂದರ್ತಾರ, ಎಲ್ಲಾ ಅದರಾಗ ಬರಬೇಕು," ಎಂದ. ಹೆಸರನ್ನೂ ದಾರಿಯಲ್ಲೇ ಇಟ್ಟುಕೊಂಡು ಬಂದಿದ್ದ: 'ಕೂಡಿ ಹೋಗೂಣು'. ಹೆಸರು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮೊದಲ ಪರದೆಗೆ ಅವನೇ ಒಂದು ಚಿತ್ರ ತಂದ. ಹಿಮದ ಬೆಟ್ಟದ ತುದಿಯಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ ನಿಂತ ಹುಡುಗಿ.

"ಈಕಿ ಯಾರ ಪೈಕಿರಿ?" ಎಂದೆ.

"ಫೀಲ್ ಬರಬೇಕಲ್ರಿ ಅಕ್ಕಾರ."

"ಫೀಲ್ ಬರ್ಲಿ. ಆದ್ರ ಆಕಿ ಒಬ್ಬಾಕೀನ ನಿಂತಾಳ. ಕೂಡಿ ಹೋದಾವ್ರು ಎಲ್ಲಿ? ಬುತ್ತಿ ಗಂಟ ಎಲ್ಲೈತಿ?"

ಚಿತ್ರ ತೆಗೆಯಲಿಲ್ಲ. ನಾನು ನಿವೃತ್ತಳಾಗುವ ದಿನದವರೆಗೂ ಆ ಹುಡುಗಿ ಕೈ ಎತ್ತಿಕೊಂಡೇ ನಿಂತಿದ್ದಳು.

ಮೊದಲು ಪರೀಕ್ಷೆ ಮಾಡಿದ್ದು ಹಾವೇರಿಯ ನಿವೃತ್ತ ಮಾಸ್ತರರ ಗುಂಪಿನ ಮೇಲೆ. ತಿಂಗಳ ದಿನಗಳನ್ನು ಚೌಕ ಚೌಕವಾಗಿ ತೋರಿಸಿ, ಆಗದ ದಿನ ಒತ್ತಿರಿ ಎಂದಿದ್ದೆ. ಒಬ್ಬರು ಅಮಾವಾಸ್ಯೆ ಒತ್ತಿದರು, ಒಬ್ಬರು ಮಂಗಳವಾರಗಳನ್ನೆಲ್ಲ ಒತ್ತಿದರು, ಒಬ್ಬರು ಶನಿವಾರ ಒಪ್ಪೊತ್ತು ಎಂದರು, ಒಬ್ಬರಿಗೆ ಮೊಮ್ಮಗನ ಜವಳ. ಎರಡೇ ದಿನದಲ್ಲಿ ತಿಂಗಳು ಪೂರ್ತಿ ಕಪ್ಪಾಯಿತು. ಪ್ರವಾಸ ಹೋಗಲಿಲ್ಲ. ಆದರೆ ಮಾತಾಡಿಕೊಳ್ಳಲಿ ಎಂದು ಕೊಟ್ಟ ಜಾಗದಲ್ಲಿ ದಿನಾ ನಸುಕಿಗೆ ಗುಲಾಬಿ ಹೂವಿನ ಶುಭೋದಯ ತಪ್ಪದೆ ಬರತೊಡಗಿತು. ವೀರೇಶ ಅದನ್ನು ನೋಡಿ, "ಮಂದಿ ದಿನಾ ಓಪನ್ ಮಾಡಾಕತ್ತಾರ, ಭಾರಿ ಆತ್ರಿ," ಎಂದು ಪೇಢೆ ಹಂಚಿದ. ನಾನು ತಿಂದೆ. ಸಿಟ್ಟು ಬಂದರೂ ಪೇಢೆ ಪೇಢೆಯೇ.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು. ನೀಲಕ್ಕ ಇರುವುದು ಮೋಟೆಬೆನ್ನೂರಿನಲ್ಲಿ. ಬ್ಯಾಡಗಿಯ ಒಂದು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಓಣಿಯ ಹೆಂಗಸರ ಜೊತೆ ಹೋಗುತ್ತಿದ್ದಳು. ಅವಳಿಗೆ ಕಣ್ಣಿನ ಒತ್ತಡದ ಬೇನೆ. ನೋಟ ಎರಡೂ ಪಕ್ಕದಿಂದ ಕಿರಿದಾಗುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಔಷಧ ಹಾಕಿ ಕಾಯ್ದುಕೊಳ್ಳಬೇಕು, ಎಷ್ಟು ದಿನವೋ ಹೇಳಲಾಗದು ಎಂದು ಹಾವೇರಿಯ ಡಾಕ್ಟರು ಹೇಳಿದ್ದರು. ಹಾವೇರಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಸರೂ, ನಾ ಸಮುದ್ರ ನೋಡಿಲ್ಲಲೇ," ಎಂದಳು. "ಗೋಕರ್ಣಕ್ಕ ಹೋಗಿ ಒಮ್ಮೆ ನೋಡಬೇಕು. ಆಮ್ಯಾಲ ಏನರ ಆಗ್ಲಿ."

"ನಾಳೆನ ಹೋಗೂಣು. ಕಾರ್ ತರಸ್ತೇನಿ."

"ಕಾರಿನ್ಯಾಗ ನಾವಿಬ್ರ ಹೋಗಿ ಏನ್ ಮಾಡೂದು? ಖಾರದ ಧೂಳಾಗ ಎಲ್ಲಾರೂ ಕೂಡಿ ಕೆಮ್ಮೇವಿ. ಸಮುದ್ರ ನೋಡಾಕ ನಾ ಒಬ್ಬಾಕಿ ಹೋಗ್ಲೇನ? ಹೋದ್ರ ಹೆಣ್ಮಕ್ಕಳೆಲ್ಲಾ ಹೋಗೂದು."

ಅವಳ ಹಟ ನನಗೆ ಗೊತ್ತು, ಚಿಕ್ಕಂದಿನಿಂದ ಅನುಭವಿಸಿದ್ದೇನೆ. ಅಂಗಳದ ಹೆಂಗಸರನ್ನೇ ಆ್ಯಪಿಗೆ ಸೇರಿಸಿ ಗೋಕರ್ಣ ಪ್ರವಾಸ ಹೂಡುವುದು ಎಂದು ನಿರ್ಧರಿಸಿದೆ. ಕಚೇರಿಗೆ ಅದು ಪರೀಕ್ಷೆ. ನನಗೆ ಮಾತ್ರ ಒಂದೇ ಲೆಕ್ಕ, ಅಕ್ಕನ ಕಣ್ಣು ಇರುವಾಗ ಅವಳು ಸಮುದ್ರ ನೋಡಬೇಕು. ಟೆಂಪೋ ಹೇಳಿಯಾಯಿತು. ಹೊರಡುವ ದಿನವನ್ನು ಯಾರನ್ನೂ ಕೇಳದೆ ನಾನೇ ಇಟ್ಟೆ. ಮಾಸ್ತರರು ಕಲಿಸಿದ ಪಾಠ ಅದು.

ಅಂಗಳದ ಮೊದಲ ದಿನವೇ ನನ್ನ ಡಿಸೈನು ಮಣ್ಣು ಮುಕ್ಕಿತು. ಮೆಣಸಿನಕಾಯಿ ಮುಟ್ಟಿದ ಬೆರಳಿನಿಂದ ಯಾರೂ ಫೋನ್ ಮುಟ್ಟುವುದಿಲ್ಲ. ಅದೇ ಫೋನು ಆಮೇಲೆ ಕೆನ್ನೆಗೆ ಹತ್ತುತ್ತದಲ್ಲ! ಅವರು ಬೆರಳು ಮಡಚಿ, ಗೆಣ್ಣಿನಿಂದ ಬಾಗಿಲು ಬಡಿದಂತೆ ಪರದೆ ಬಡಿಯುತ್ತಾರೆ. ನನ್ನ ಚೆಂದದ ಪುಟ್ಟ ಗುಂಡಿಗಳು ಒಂದೂ ಹತ್ತಲಿಲ್ಲ, ಒತ್ತಿದ್ದು ಒಂದು, ತೆರೆದದ್ದು ಇನ್ನೊಂದು. ಆ ಗುಂಪಿನಲ್ಲಿ ಬಾಯಿ ಜೋರಿನವಳು ಕಸ್ತೂರಿ. "ಏನ್ರಿ ಅಕ್ಕಾರ, ಬಟನ್ ಇರುವಿ ತಲಿಯಷ್ಟ ಮಾಡೀರಿ, ಜಿಪುಣತನ ಯಾಕ?" ಎಂದಳು. ಗುಂಡಿಗಳನ್ನು ರೊಟ್ಟಿ ಬಿಲ್ಲೆಯಷ್ಟು ಮಾಡಿದೆ. ವೀರೇಶನಿಗೆ ಹಳ್ಳಿಯ ಗೋಡೆ ಬರಹದಂತೆ ಕಂಡಿತು. ಕಂಡರೆ ಕಾಣಲಿ ಎಂದೆ.

ನಿಜವಾದ ಕಾಟ ಆಮೇಲಿನದು. ಪರದೆಯ ಮೇಲೆ ಪ್ರಶ್ನೆ: 'ಗೋಕರ್ಣಕ್ಕೆ ಬರುತ್ತೀರಾ?' ಕೆಳಗೆ ಎರಡು ದೊಡ್ಡ ಗುಂಡಿ. ಬರುತ್ತೇನೆ. ಬರುವುದಿಲ್ಲ. ಇದರಲ್ಲಿ ತಿಳಿಯದ್ದೇನಿದೆ ಹೇಳಿ? ಒಂದು ದಿನವಾಯಿತು, ಯಾರೂ ಒತ್ತಲಿಲ್ಲ. ನಾಲ್ಕು ದಿನವಾಯಿತು, ಒಬ್ಬರೂ ಇಲ್ಲ, ಹೆಣ್ಮಕ್ಕಳೆಲ್ಲ ಒತ್ತಲಿ ಎಂದು ನಮ್ಮ ಅಕ್ಕನೂ ಇಲ್ಲ. ಬ್ಯಾಡಗಿಗೆ ಓಡಿದೆ.

"ಕಸ್ತೂರಿ, ನೀ ಬರ್ತೀಯೋ ಇಲ್ಲೋ?"

"ಬರೂದೇನೋ ಐತ್ರಿ. ಬಾಕಿದಾವ್ರು ಏನ್ ಒತ್ಯಾರ ನೋಡಿ ಒತ್ತೂಣಂತ ಬಿಟ್ಟೇನಿ."

"ಬಾಕಿದಾವ್ರು ನೀ ಏನ್ ಒತ್ತೀದಿ ಅಂತ ಕಾಯಾಕತ್ತಾರಲ್ಲಬೇ!"

"ಹಂಗೇನ್ರಿ? ಅಲ್ರಿ, ನಾನ ಮೊದಲ ಒತ್ತಿದ್ರ, ಈಕೀಗೆ ಭಾಳ ಅವಸರ ನೋಡು ಅಂತಾರ್ರಿ."

"ಹಂಗಾರ ಬರೂದಿಲ್ಲ ಅಂತರ ಒತ್ತು!"

ಅಂಗಳವೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿತು. ಕಸ್ತೂರಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ದೇವರ ಊರಿಗೆ ಬರೂದಿಲ್ಲ ಅಂತ ಬಾಯಿಲೆ ಅಂತಾರೇನ್ರಿ?"

ಬಾಯಿಂದಲೂ ಅನ್ನಬಾರದು, ಬೆರಳಿನಿಂದಲೂ ಒತ್ತಬಾರದು. ದೇವರ ಯಾತ್ರೆಗೆ ಕರೆದರೆ ಒಲ್ಲೆ ಅನ್ನಬಾರದು ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ, ಅದೇ ಮಣ್ಣಿನಲ್ಲಿ ಹುಟ್ಟಿದವಳು ನಾನು. ಆದರೆ ಪರದೆಯ ಮುಂದೆ ಕೂತರೆ ಸಾಕು, ಜನ ಹೀಗೆ ಎನ್ನುವುದು ಮರೆತೇಹೋಗುತ್ತದೆ. ಆ ರೋಗ ನಿಮಗೂ ಬರುತ್ತದೆ, ಈಗಲೇ ಹೇಳಿರುತ್ತೇನೆ.

ವೀರೇಶನಿಗೆ ಹೇಳಿದೆ. ಅವನು ನನಗೆ ಹೇಳದೆ ಕೇಳದೆ ಒಂದು ಉಪಾಯ ಮಾಡಿದ. ಗಡುವು ಮುಗಿಯುವುದರೊಳಗೆ ಯಾರು ಏನೂ ಒತ್ತುವುದಿಲ್ಲವೋ ಅವರು ಬರುವುದಿಲ್ಲ ಎಂದು ಆ್ಯಪ್ ತಾನೇ ಬರೆದುಕೊಳ್ಳಬೇಕು. ಬರೆದುಕೊಂಡು ಸುಮ್ಮನಿರುತ್ತದೆಯೇ? ಎಲ್ಲರ ಫೋನಿಗೂ ಗಂಟೆ ಬಾರಿಸಿ ಸಾರಬೇಕು! ಒಂದು ಸಂಜೆ ಮೋಟೆಬೆನ್ನೂರಿನ ಆ ಓಣಿಯ ಫೋನುಗಳೆಲ್ಲ ಒಟ್ಟಿಗೆ ಟಣ್ ಎಂದವು. 'ಕಸ್ತೂರಿ ಗೋಕರ್ಣಕ್ಕೆ ಬರುವುದಿಲ್ಲ.' 'ನೀಲವ್ವ ಗೋಕರ್ಣಕ್ಕೆ ಬರುವುದಿಲ್ಲ.' ಹೀಗೇ ಎಲ್ಲರ ಹೆಸರೂ. ಕೊನೆಗೆ, 'ಪ್ರವಾಸ ರದ್ದಾಗಿದೆ'. ಟೆಂಪೋದವನಿಗೂ ಆ್ಯಪೇ ಬೇಡವೆಂದು ತಿಳಿಸಿಬಿಟ್ಟಿತ್ತು.

ಕಸ್ತೂರಿಯ ಫೋನು ಬಂತು. ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿದೆ.

"ನಾ ಯಾವಾಗ ಒಲ್ಲೆ ಅಂದೇನ್ರಿ? ದೇವರಿಗೆ ಒಲ್ಲೆ ಅಂದಾಕಿ ಅಂತ ನಮ್ಮ ಅತ್ತಿ ಆಗಿಂದ ಮಾತ ಬಿಟ್ಟಾಳ. ನಿಮ್ಮ ಆ್ಯಪಿಗೆ ಬೆಂಕಿ ಹಚ್ರಿ!"

ಮರುದಿನ ವೀರೇಶನ ಮುಂದೆ ಹೋಗಿ ನಿಂತೆ. ಅವನು, "ಎಲ್ಲಾರಿಗೂ 'ಸಾರಿ' ಅಂದ್ರ ಆತ್ರಿ. ಆ ಮೆಸೇಜಿನ ಬಣ್ಣ ಬದ್ಲಿ ಮಾಡೂಣೇನು? ಕೆಂಪು ಅಂದ್ರ ಮಂದಿ ಹೆದರ್ತಾರ," ಎಂದ. ನನ್ನ ಕೈಯಲ್ಲಿ ಚಹಾದ ಲೋಟವಿತ್ತು. ಅದನ್ನು ಎಸೆಯದೆ ಮೇಜಿನ ಮೇಲಿಟ್ಟದ್ದು ನನ್ನ ವೃತ್ತಿಜೀವನದ ದೊಡ್ಡ ಸಾಧನೆ.

ಆ ವಾರವೇ ಅಕ್ಕ ಅಂಗಳದಲ್ಲಿ ಬಿದ್ದಳು. ಪಕ್ಕದಲ್ಲೇ ಇದ್ದ ಬುಟ್ಟಿ ಅವಳಿಗೆ ಕಂಡಿರಲಿಲ್ಲ. ನಾನು ಹೋದಾಗ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ನಾನು ಬಾಗಿಲ ಬದಿಗೆ ನಿಂತದ್ದು ಗೊತ್ತಾಗಲಿಲ್ಲ. ಕರೆದಾಗ ಕುತ್ತಿಗೆ ಪೂರ್ತಿ ತಿರುಗಿಸಿ, ಹುಡುಕಿ, ಆಮೇಲೆ ನಕ್ಕಳು.

"ಬಳಿ ತೂತಿನ್ಯಾಗ ಹಾದು ನೋಡಿದಂಗ ಆಗೈತಿ ನೋಡು ಸರೂ. ಸುತ್ತಲೂ ಕಟ್ಟ ಹಾಕಿದಂಗ," ಎಂದಳು. "ನಿನ್ನ ಆ್ಯಪ್ ಆಗೂದ್ರಾಗ ನಾ ಸಮುದ್ರನ ಕಿವೀಲೆ ಕೇಳಬೇಕೇನೋ."

ಅವಳು ತಮಾಷೆಗೆ ಹೇಳಿದಳು. ನನಗೆ ಮಾತ್ರ ಯಾವುದೋ ಊರಿನ ಯಾರೋ ಮಾಡಿದ ಎರಡು ಗುಂಡಿಗಳನ್ನು ಹಾಗೇ ಎತ್ತಿ ತಂದು ಇಲ್ಲಿ ನೆಟ್ಟು, ನಮ್ಮ ಅಕ್ಕನ ಕಣ್ಣಿನ ದಿನಗಳನ್ನು ಹಾಳುಮಾಡುತ್ತಿದ್ದೇವಲ್ಲ ಎಂದು ಸಂಕಟವಾಯಿತು. ರಾಣೆಬೆನ್ನೂರು ಮುಟ್ಟುವವರೆಗೂ ವೀರೇಶನನ್ನು ಮನಸ್ಸಿನಲ್ಲೇ ಬಯ್ದೆ.

ಆಮೇಲಿನ ಭಾನುವಾರ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಕುಪ್ಪೇಲೂರಿಗೆ ಹೋಗಬೇಕಿತ್ತು. ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಜನವೋ ಜನ. ಬಸ್ಸು ಇನ್ನೂ ನಿಂತಿರಲಿಲ್ಲ, ಆಗಲೇ ಕಿಟಕಿಗಳಿಂದ ಟವೆಲ್, ಕರವಸ್ತ್ರ, ಚೀಲ, ಒಬ್ಬಳ ಕೈಯಿಂದ ಸೊಪ್ಪಿನ ಕಟ್ಟು, ಎಲ್ಲ ಒಳಗೆ ಬಿದ್ದವು. ಟವೆಲ್ ಬಿದ್ದ ಜಾಗ ಟವೆಲ್ ಹಾಕಿದವರದು. ಅದಕ್ಕೆ ಎದುರು ಮಾತಾಡುವವರು ನಮ್ಮ ಕಡೆ ಇಲ್ಲ. ಈ ರಶ್ಶಿನಲ್ಲಿ ಯಾರು ಹೋಗುತ್ತಾರೆ, ಮುಂದಿನ ಬಸ್ಸಿಗೆ ನೋಡೋಣ, ಇಲ್ಲವೇ ಮನೆಗೇ ಹೋಗಿ ಮಲಗೋಣ ಎಂದುಕೊಂಡು ನಾನು ಹಿಂದೆ ಸರಿದಿದ್ದೆ. ಕಿಟಕಿಯಿಂದ ಒಬ್ಬ ಹೆಂಗಸು ಕೂಗಿದಳು. ನಮ್ಮ ಸಂಬಂಧಿಕರ ನೆರೆಮನೆಯವಳು, ಹೆಸರೂ ಸರಿಯಾಗಿ ನೆನಪಿಲ್ಲ.

"ಅಕ್ಕಾರ, ಲಗೂನ ಬರ್ರಿ! ನಿಮಗೂ ಜಾಗ ಹಿಡದೇನಿ!"

ಹತ್ತಿ ಕೂತೆ. ಬರ್ತೀರೇನು ಎಂದು ಅವಳು ಕೇಳಲಿಲ್ಲ. ಬರ್ತೇನಿ ಎಂದು ನಾನು ಹೇಳಲಿಲ್ಲ. ನನಗಾಗಿ ಒಬ್ಬಳು ಜಾಗ ಹಿಡಿದು, ಮಂದಿಯ ಹತ್ತಿರ ಬಾಯಿ ಮಾಡಿಕೊಂಡು, ಕೈ ಅಡ್ಡ ಇಟ್ಟುಕೊಂಡು ಕೂತಿರುವಾಗ ಬಿಟ್ಟು ಹೋಗುವುದು ಹೇಗೆ? ಬಸ್ಸು ಊರು ದಾಟುವುದರೊಳಗೆ ನನಗೆ ಹೊಳೆಯಿತು. ಅಷ್ಟು ದಿನ ನಾನು ಜನರನ್ನು ಪ್ರಶ್ನೆ ಕೇಳುತ್ತಿದ್ದೆ. ಇಲ್ಲಿ ಪ್ರಶ್ನೆಯೇ ಇಲ್ಲ, ಜಾಗ ಇದೆ. ತೊಟ್ಟಿಲ ಕಾರ್ಯದಲ್ಲಿ ಊಟಕ್ಕೆ ಕೂತಾಗಲೂ ಅದೇ ಧ್ಯಾನ, ಹೋಳಿಗೆಯ ಮೇಲೆ ತುಪ್ಪ ಹಾಕಿದ್ದೂ ಗೊತ್ತಾಗಲಿಲ್ಲ.

ಸೋಮವಾರ ವೀರೇಶನ ಮುಂದೆ ಬಿಳಿ ಹಾಳೆಯ ಮೇಲೆ ಟೆಂಪೋದ ಸೀಟುಗಳನ್ನು ಬರೆದಿಟ್ಟೆ. ಪ್ರಶ್ನೆ ಇಲ್ಲ, ಬರುತ್ತೇನೆ ಇಲ್ಲ, ಬರುವುದಿಲ್ಲ ಇಲ್ಲ. ಒಬ್ಬರು ಇನ್ನೊಬ್ಬರ ಹೆಸರಿನಲ್ಲಿ ಸೀಟಿನ ಮೇಲೆ ಟವೆಲ್ ಹಾಕಬಹುದು. ಆಗ ಆ ಇನ್ನೊಬ್ಬರ ಫೋನಿಗೆ ಹೋಗುವ ಮಾತು ಒಂದೇ: 'ನಿಮಗೆ ಜಾಗ ಹಿಡಿದಿದ್ದಾರೆ.' ಬರಲಾಗದವರು ತಮ್ಮ ಟವೆಲನ್ನು ಸದ್ದಿಲ್ಲದೆ ತೆಗೆದು ಬೇರೆಯವರಿಗೆ ಕೊಡಬಹುದು. ಗಂಟೆ ಬಾರಿಸುವುದಿಲ್ಲ.

"ಒಬ್ಬರ ಸೀಟ ಇನ್ನೊಬ್ರು ಹಿಡಿಯೂದು? ಯಾವ ಆ್ಯಪಿನ್ಯಾಗೂ ಇಲ್ಲರಿ ಅಕ್ಕಾರ. ಒಂದು ಫೋನಿಗೆ ಒಂದ ಸೀಟು, ಅದು ರೂಲ್."

"ಯಾರ ರೂಲ್? ನಿಮ್ಮವ್ವ ಬಸ್ಸಿನ್ಯಾಗ ನಿಮಗ ಎಂದೂ ಜಾಗ ಹಿಡದಿಲ್ಲೇನು?"

ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, "ಹಿಡೀತಿದ್ಲು. ಬುತ್ತಿ ಚೀಲಾ ಇಟ್ಟು," ಎಂದ. ಒಪ್ಪಿದ ಎಂದುಕೊಂಡೆ. ಒಪ್ಪಿದ್ದು ನಿಜವೇ, ಆದರೆ ಟವೆಲ್ ಹೇಗಿರಬೇಕು ಎಂಬುದರ ಮೇಲೆ ಶುರುವಾಯಿತು. ಗೀರು ಇರಬೇಕೋ ಬೇಡವೋ, ಅಂಚು ಯಾವ ಕಡೆ, ಕಂಪನಿಯ ನೀಲಿ ಹಾಕಿದರೆ ಹೇಗೆ. ಅಕ್ಕ ಅಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದಾಳೆ, ಇವನಿಗೆ ಇಲ್ಲಿ ಟವೆಲಿನ ಅಂಚು! ಕೊನೆಗೆ ಮನೆಯಿಂದ ಒಂದು ಕೆಂಪು ಚೌಕಡಿ ಟವೆಲ್ ತಂದು ಅವನ ಕುರ್ಚಿಯ ಮೇಲೆ ಒಗೆದೆ. "ಇದರ ಫೋಟೋ ತಗೊಂಡು ಹಾಕ್ರಿ. ಇಲ್ಲಾಂದ್ರ ರಿಟೈರ್ ಆಗೂತನಕ ನಾ ಕಾಯೂದಿಲ್ಲ, ಇವತ್ತ ಹೋಗ್ತೇನಿ," ಎಂದೆ. ಅದರ ಫೋಟೋವೇ ಹಾಕಿದ.

ಟೆಂಪೋ ಮತ್ತೆ ಹೇಳಿ, ಹೊಸ ದಿನ ಇಟ್ಟು, ಮೋಟೆಬೆನ್ನೂರಿಗೆ ಹೋಗಿ ಅಕ್ಕನ ಫೋನನ್ನು ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಖ ಸರಿಸುತ್ತ, ಒಂದೊಂದೇ ಸೀಟು ಹುಡುಕಿ ಗೆಣ್ಣಿನಿಂದ ಬಡಿದಳು. ಕಸ್ತೂರಿಗೆ ವಾಂತಿ ಬರುತ್ತದೆ, ಮುಂದಿನ ಕಿಟಕಿ. ಕಾಲು ನೋವಿನವಳಿಗೆ ಬಾಗಿಲ ಹತ್ತಿರ. ಮಾತು ಬಿಟ್ಟ ಇಬ್ಬರು ವಾರಗಿತ್ತಿಯರಿಗೆ ಒಂದೇ ಸೀಟು. "ಗೋಕರ್ಣ ಮುಟ್ಟೂದ್ರಾಗ ಮಾತಾಡ್ತಾರ ಬಿಡು," ಎಂದಳು. ನಾನು ಒಳಗೆ ಚಹಾ ಮಾಡಲು ಹೋದೆ.

ಬರುವುದರೊಳಗೆ ಫೋನುಗಳು ಓಣಿಯಲ್ಲಿ ಕೆಲಸ ಶುರು ಮಾಡಿದ್ದವು. ಕಸ್ತೂರಿ ಹೊರಗಿನಿಂದಲೇ ಕೂಗುತ್ತ ಬಂದಳು. "ನೀಲವ್ವಾ, ನನಗ ಕಿಟಕಿ ಹಿಡದೀಯಂತ! ನೀ ಹಿಡದ ಮ್ಯಾಲ ಬರದ ಇದ್ರ ಹೆಂಗಬೇ?" ಹಿಂದೆ ಇನ್ನಿಬ್ಬರು. ಬುತ್ತಿಗೆ ಯಾರು ಏನು ಮಾಡಬೇಕು ಎಂಬ ಜಗಳ ಅಲ್ಲೇ ಆರಂಭವಾಯಿತು. ಒಬ್ಬಳಿಗೆ ಮಾತ್ರ ಆಗಲಿಲ್ಲ, ಮನೆಯಲ್ಲಿ ಬಾಣಂತಿ. ಅವಳು ತನ್ನ ಟವೆಲ್ ತೆಗೆದು ಎದುರು ಮನೆಯ ಅಜ್ಜಿಗೆ ಹಾಕಿದಳು. ದೇವರಿಗೆ ಒಲ್ಲೆ ಅಂದಂತೆಯೂ ಆಗಲಿಲ್ಲ, ಜಾಗ ಖಾಲಿಯೂ ಉಳಿಯಲಿಲ್ಲ.

ಆಗ ಚಹಾದ ತಟ್ಟೆಯ ಮೇಲಿಟ್ಟಿದ್ದ ನನ್ನ ಫೋನು ಮಿಣುಕಿತು. 'ನಿಮಗೆ ಜಾಗ ಹಿಡಿದಿದ್ದಾರೆ.' ನೀಲಕ್ಕನ ಪಕ್ಕದ ಸೀಟು. ಎಷ್ಟು ದಿನ ಮಂದಿಯ ಪ್ರವಾಸಕ್ಕೆ ಪರದೆ ಹೊಂದಿಸುತ್ತ ಕೂತೆ, ನಾನೂ ಒಂದು ಸೀಟಿನಲ್ಲಿ ಕೂರಬಹುದು ಎಂದು ನನಗೇ ಹೊಳೆದಿರಲಿಲ್ಲ. ಚಹಾದ ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟೆ. "ಅಳೂದು ಆಮ್ಯಾಲ, ಚಹಾ ಆರತೈತಿ," ಎಂದು ಕಸ್ತೂರಿ ತಟ್ಟೆ ಕಸಿದುಕೊಂಡಳು.

ಗೋಕರ್ಣದಲ್ಲಿ ದೇವರ ದರ್ಶನ ಮುಗಿಸಿ ದಂಡೆಗೆ ಬಂದೆವು. ಉಳಿದವರು ಸೀರೆ ಎತ್ತಿಕೊಂಡು, ಕಿರುಚುತ್ತ ನೀರಿಗೆ ಓಡಿದರು. ವಾರಗಿತ್ತಿಯರಿಬ್ಬರೂ ಕೈ ಹಿಡಿದುಕೊಂಡಿದ್ದರು. ಅಕ್ಕ ನನ್ನ ಭುಜ ಹಿಡಿದು ಮರಳಿನ ಮೇಲೆ ನಿಂತಳು. ಮೊದಲು ನೇರ ನೋಡಿದಳು. ಆಮೇಲೆ ಎಡಕ್ಕೆ ಮೆಲ್ಲಗೆ ಕುತ್ತಿಗೆ ತಿರುಗಿಸಿದಳು, ಅಲ್ಲಿಂದ ಬಲಕ್ಕೆ, ತಿರುಗಿ ಎಡಕ್ಕೆ.

"ಮುಗೀವಲ್ದಲ್ಲ ಸರೂ ಇದು," ಎಂದಳು. "ಎತ್ತಾಗ ಹೊಳ್ಳಿದ್ರೂ ಐತಿ."

ಆಗಲೇ ನನ್ನ ಸೊಂಟದಲ್ಲಿದ್ದ ಫೋನು ಟಣ್ ಎಂದಿತು. ಹೋಗಬೇಕಾದ ಊರು ಮುಟ್ಟುತ್ತಲೇ ಜನರ ಅಭಿಪ್ರಾಯ ಕೇಳಬೇಕು ಎಂದು ವೀರೇಶ ಹಟ ಹಿಡಿದು ನನ್ನಿಂದಲೇ ಮಾಡಿಸಿದ ಪರದೆ. ಹಿಮದ ಹುಡುಗಿ ಕೈ ಎತ್ತಿ ನಿಂತಿದ್ದಳು. 'ಪ್ರವಾಸ ಮುಗಿಯಿತು! ಎಷ್ಟು ಸ್ಟಾರ್ ಕೊಡುತ್ತೀರಿ?'

"ಏನಂತಲೇ ಅದು?" ಅಕ್ಕ ತಿರುಗಿ ನೋಡಲಿಲ್ಲ.

"ಪ್ರವಾಸ ಮುಗೀತಂತ. ಹೆಂಗಾತು ಅಂತ ಕೇಳಾಕತ್ತೈತಿ."

"ಬಾಯಿ ಮುಚ್ಚಂತ ಹೇಳು ಅದಕ್ಕ," ಎಂದಳು ಅಕ್ಕ. "ನಾ ಇನ್ನೂ ನೋಡಾಕತ್ತೇನಿ."